ಒಬ್ಬರಿಗಾಗಿ ಒಲೆ ಹಚ್ಚುವುದು



ವಾಸ್ಕೊ, ಝುವಾರಿನಗರ, ವೆರ್ಣಾ, ಮಾಪ್ಸಾ ಕಡೆಯ ಬಾಡಿಗೆ ಕೋಣೆಗಳಿಗೆ ಮನೆಭೇಟಿಗೆಂದು ಹೋದಾಗಲೆಲ್ಲ ನಮಗೆ ಕೇಳಿಬರುವ ಮಾತೊಂದಿದೆ: "ಒಬ್ಬಾಂವ್ಗ ಏನ್ ಅಡಗಿ ಮಾಡೂದ್ರಿ, ಫಾದರ್?" ಹೀಗೆ ಕೇಳುವವರು ಸೋಮಾರಿಗಳಲ್ಲ. ಹಳಿಯಾಳ, ಮುಂಡಗೋಡ, ಖಾನಾಪುರ, ಧಾರವಾಡದ ಕಡೆಯಿಂದ ದುಡಿಮೆಗಾಗಿ ಘಟ್ಟ ಇಳಿದು ಬಂದ ರೈತರ ಮಕ್ಕಳು. ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿಯುತ್ತಾರೆ. ಕೋಣೆಯಲ್ಲಿ ಒಲೆ ಇದೆ, ಆದರೆ ಅದರ ಮೇಲೆ ಚಹದ ಪಾತ್ರೆಯ ಹೊರತು ಬೇರೆ ಪಾತ್ರೆ ಏರಿದ್ದು ಅಪರೂಪ. ಬೆಳಿಗ್ಗೆ ಗಾಡಿಯ ಮುಂದೆ ನಿಂತು ಪಾವ್ ಭಾಜಿ, ಮಧ್ಯಾಹ್ನ ಕೆಲಸದ ಜಾಗದಲ್ಲಿ ಸಿಕ್ಕಿದ್ದು, ರಾತ್ರಿ ಎಣ್ಣೆಯಲ್ಲಿ ಹುರಿದ ಅನ್ನ ಅಥವಾ ನೂಡಲ್ಸ್. ತಿಂಗಳ ಕೊನೆಗೆ ಕೈ ಖಾಲಿಯಾದಾಗ ಚಹ ಮತ್ತು ಬಿಸ್ಕೀಟು.

ಇದಕ್ಕೆ ಕಾರಣವೇನೆಂದು ನಾವು ಯೋಚಿಸಿದ್ದೇವೆ. ರೈತರ ಮನೆಯಲ್ಲಿ ಬೆಳೆದವನಿಗೆ ಆಹಾರವನ್ನು ಕೊಂಡು ಅಭ್ಯಾಸವಿಲ್ಲ. ಜೋಳ, ಅಕ್ಕಿ, ಹೆಸರು, ಹುರುಳಿ ಹೊಲದಿಂದ ಬರುತ್ತವೆ. ಮೆಣಸಿನಕಾಯಿ, ಬದನೆ, ಸೊಪ್ಪು ಹಿತ್ತಲಿನಲ್ಲಿ. ಹಾಲು ಮಜ್ಜಿಗೆ ಕೊಟ್ಟಿಗೆಯಿಂದ. ಅಂಗಡಿಗೆ ಹೋಗುವುದು ಉಪ್ಪು, ಎಣ್ಣೆ, ಸಕ್ಕರೆ, ಚಹಪುಡಿಗೆ ಮಾತ್ರ. ಕಾಳನ್ನು ಹಲ್ಲಿಗೆ ಕಚ್ಚಿ ನೋಡಿ ಪೈರು ಕೊಯ್ಲಿಗೆ ಬಂದಿದೆಯೋ ಇಲ್ಲವೋ ಎಂದು ಹೇಳಬಲ್ಲವನಿಗೆ, ಅಂಗಡಿಯ ಬೇಳೆ ಹೊಸತೋ ಹಳತೋ ಎಂದು ನೋಡುವ ಪಾಠವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಇನ್ನು ಗಂಡುಮಕ್ಕಳನ್ನು ನಮ್ಮ ತಾಯಂದಿರು ಒಲೆಯ ಹತ್ತಿರ ಬಿಟ್ಟುಕೊಂಡವರಲ್ಲ. ಮನೆಗೆಲಸಕ್ಕೋ ದಾದಿಯ ಕೆಲಸಕ್ಕೋ ಬಂದ ಹೆಣ್ಣುಮಕ್ಕಳಿಗೆ ಅಡುಗೆ ಬರುತ್ತದೆ, ಆದರೆ ಎಂಟು ಜನರ ಅಡುಗೆ ಬರುತ್ತದೆ! ಒಬ್ಬಳಿಗಾಗಿ ಅಳತೆ ಹಿಡಿಯಲು ಬಾರದೆ, ಮಾಡಿದ್ದನ್ನೇ ಮೂರು ಹೊತ್ತು ಉಂಡು, ಉಳಿದದ್ದನ್ನು ಚೆಲ್ಲಿ, ಕಡೆಗೆ ಅವರೂ ಬೇಸತ್ತು ಬಿಡುತ್ತಾರೆ.

ಇದು ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯೊಂದರ ಫಲಿತಾಂಶ 2023ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಸಕ್ಕರೆ ಕಾಯಿಲೆ, 35.5 ಮಂದಿಗೆ ರಕ್ತದೊತ್ತಡ. ರಾಜ್ಯವಾರು ಲೆಕ್ಕದಲ್ಲಿ ಸಕ್ಕರೆ ಕಾಯಿಲೆ ಅತಿ ಹೆಚ್ಚು ಕಂಡುಬಂದದ್ದು ನಾವಿರುವ ಈ ಗೋವಾದಲ್ಲಿಯೇ, ನೂರಕ್ಕೆ 26.4. ಅಂದರೆ ನಾಲ್ಕು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ನಮಗೆ ಪರಿಚಯದ ಯುವಕನೊಬ್ಬ, ಇನ್ನೂ ಮೂವತ್ತೈದು ದಾಟದವನು, ಊರಿನ ಕೊಳವೆ ಬಾವಿಯ ಸಾಲ ತೀರಿಸಲೆಂದು ಹೊಟ್ಟೆ ಬಟ್ಟೆ ಕಟ್ಟಿ ಹಣ ಕಳಿಸುತ್ತಿದ್ದ. ತಲೆಸುತ್ತಿ ಬಿದ್ದಾಗ ಪರೀಕ್ಷೆ ಮಾಡಿಸಿದರೆ ರಕ್ತದೊತ್ತಡವೂ ಸಕ್ಕರೆಯೂ ಎರಡೂ ಇದ್ದವು. ಸಾಲ ಇನ್ನೂ ಅರ್ಧ ಉಳಿದಿದೆ. ಅದರ ಜೊತೆಗೆ ಈಗ ಪ್ರತಿ ತಿಂಗಳು ಗುಳಿಗೆಯ ಖರ್ಚು.

ಒಬ್ಬರಿಗೆ ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ ಸಾಮಾನ್ಯ ವಯಸ್ಕನೊಬ್ಬನ ದಿನದ ತಟ್ಟೆಯ ಲೆಕ್ಕವಿದೆ: ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ, ಮೀನು, ಮಾಂಸ ಎಲ್ಲ ಸೇರಿ 85 ಗ್ರಾಂ, ಶೇಂಗಾ ಎಳ್ಳು ಮುಂತಾದವು 35 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಎಣ್ಣೆ 27 ಗ್ರಾಂ. ಮೈಮುರಿದು ದುಡಿಯುವವರಿಗೆ ಧಾನ್ಯ ಇನ್ನಷ್ಟು ಬೇಕಾದೀತು. ಉಪ್ಪು ಮಾತ್ರ ಯಾರಿಗೇ ಆಗಲಿ ದಿನಕ್ಕೆ 5 ಗ್ರಾಂ ಮೀರಬಾರದು.

ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕೆಂದು ನಾವು ಹೇಳುವುದಿಲ್ಲ. ಹೊಲಕ್ಕೆ ಬೀಜ ಗೊಬ್ಬರದ ಲೆಕ್ಕ ಹಾಕುವಂತೆ ವಾರದ ಲೆಕ್ಕ ಹಾಕಿಕೊಂಡರೆ ಸಾಕು. ಒಬ್ಬರಿಗೆ ವಾರಕ್ಕೆ ಅಕ್ಕಿ, ಜೋಳ, ರಾಗಿ, ಗೋಧಿ ಎಲ್ಲ ಕೂಡಿ ಸುಮಾರು ಒಂದೂಮುಕ್ಕಾಲು ಕಿಲೋ. ಬೇಳೆಕಾಳು ಕಾಲು ಕಿಲೋ, ಅದರ ಜೊತೆ ಆರು ಮೊಟ್ಟೆಯೋ ಎರಡು ಸಲ ಮೀನೋ ಆದರೆ ಆಯಿತು. ತರಕಾರಿ ಸೊಪ್ಪು ಮೂರು ಕಿಲೋಗೆ ಸ್ವಲ್ಪ ಕಡಿಮೆ. ನಮ್ಮ ಹುಡುಗರ ಕೋಣೆಯಲ್ಲಿ ಅತಿ ಕಡಿಮೆ ಕಾಣುವುದು ಈ ಮೂರನೆಯದೇ. ಮೂಲೆಯಲ್ಲಿ ಎರಡು ಈರುಳ್ಳಿ, ಮೊಳಕೆ ಬಂದ ಒಂದು ಆಲೂಗಡ್ಡೆ, ಅಷ್ಟೇ!

ಎಣ್ಣೆ ಮತ್ತು ಉಪ್ಪಿನ ಲೆಕ್ಕ ಇನ್ನೂ ಸುಲಭ. ದಿನಕ್ಕೆ 27 ಗ್ರಾಂ ಎಂದರೆ ಒಂದು ಲೀಟರಿನ ಎಣ್ಣೆ ಪೊಟ್ಟಣ ಒಬ್ಬರಿಗೆ ತಿಂಗಳು ದಾಟಿ ಬರಬೇಕು. ಒಂದು ಕಿಲೋ ಉಪ್ಪು ಆರು ತಿಂಗಳಿಗೂ ಮಿಕ್ಕಬೇಕು. ಪೊಟ್ಟಣ ಒಡೆದ ದಿನವನ್ನು ಅದರ ಮೇಲೆಯೇ ಬರೆದಿಡಿ, ನಿಮ್ಮ ಕೈ ಎಷ್ಟು ಧಾರಾಳವೆಂದು ತಾನಾಗಿ ತಿಳಿಯುತ್ತದೆ. ಉಪ್ಪಿನಕಾಯಿ, ಒಣಮೀನು, ಹಪ್ಪಳ, ಗಾಡಿಯ ತಿಂಡಿ ಇವುಗಳ ಉಪ್ಪು ಈ ಪೊಟ್ಟಣದ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ಮರೆಯಬಾರದು. ಸಿದ್ಧ ನೂಡಲ್ಸಿನಂಥ ಪೊಟ್ಟಣಗಳ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಅಚ್ಚಾಗಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟೆಂದು ಸಿಗುತ್ತದೆ: 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಬರೆದ ಅಂಕಿ ಇಡೀ ಪೊಟ್ಟಣಕ್ಕೋ ಅಥವಾ 100 ಗ್ರಾಂಗೋ ಎಂದೂ ನೋಡಿಕೊಳ್ಳಬೇಕು. ಅದರಲ್ಲಿ ಹಾಕಿದ ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಮೊದಲ ಮೂರರಲ್ಲೇ ಮೈದಾ, ಸಕ್ಕರೆ, ಪಾಮ್ ಎಣ್ಣೆ ಇದ್ದರೆ ಅದನ್ನು ಊಟವೆಂದು ಕೊಳ್ಳಬೇಡಿ.

ಎಲ್ಲಿ, ಹೇಗೆ ಕೊಳ್ಳುವುದು?

ಮೊದಲು ಪಡಿತರದ ಮಾತು. ನಮ್ಮಲ್ಲಿ ಅನೇಕರು ಊರಿನ ಪಡಿತರ ಚೀಟಿ ಊರಿಗೇ ಸರಿ ಎಂದು ತಿಳಿದಿದ್ದಾರೆ. ಹಾಗಿಲ್ಲ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ ಕರ್ನಾಟಕ ಮತ್ತು ಗೋವಾ ಎರಡೂ 2020ರ ಜನವರಿ 1ರಿಂದಲೇ ಸೇರಿವೆ. ಆಹಾರ ಭದ್ರತಾ ಕಾಯ್ದೆಯ ಕೆಳಗೆ ಬರುವ ಚೀಟಿಯಲ್ಲಿ ನಿಮ್ಮ ಹೆಸರಿದ್ದು ಆಧಾರ್ ಜೋಡಣೆಯಾಗಿದ್ದರೆ, ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಕೇಂದ್ರದ ಪಾಲಿನ ಧಾನ್ಯವನ್ನು ಪಡೆಯಬಹುದು. ನಿಮ್ಮ ಪಾಲನ್ನು ನೀವು ಇಲ್ಲಿ ತೆಗೆದುಕೊಂಡು, ಉಳಿದದ್ದನ್ನು ಮನೆಯವರು ಅಲ್ಲಿ ತೆಗೆದುಕೊಳ್ಳಬಹುದು. ಒಟ್ಟು ಧಾನ್ಯ ಒಂದೇ ಆದ್ದರಿಂದ ಮೊದಲು ಮನೆಯವರೊಂದಿಗೆ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಊರಿನ ಅಂಗಡಿಯಲ್ಲಿ ಅವ್ವನಿಗೆ ಬರಿಗೈ ಆದೀತು. ತಲೆಗೆ ತಿಂಗಳಿಗೆ 5 ಕಿಲೋ ಎಂದರೆ, ಮೇಲೆ ಹೇಳಿದ ಲೆಕ್ಕದಲ್ಲಿ ಒಬ್ಬರಿಗೆ ಬೇಕಾದ ಧಾನ್ಯದ ಮೂರರಲ್ಲಿ ಎರಡು ಪಾಲು. ಅದರಿಂದ ಉಳಿದ ಹಣವನ್ನು ಕಾಳು ತರಕಾರಿಗೆ ಹಾಕಬಹುದು.

ತರಕಾರಿಗೆ ಗೋವಾ ರಾಜ್ಯ ತೋಟಗಾರಿಕಾ ನಿಗಮದ ಗೂಡಂಗಡಿಗಳು ಊರೂರಿಗೆ ಇವೆ. ಸರಕಾರದ ಸಹಾಯಧನವಿರುವುದರಿಂದ ಅಲ್ಲಿ ದರ ಪೇಟೆಗಿಂತ ಕಡಿಮೆ. ಅಲ್ಲಿಯ ಕೋಸು, ಬೀನ್ಸ್, ಟೊಮೆಟೊ ಹೆಚ್ಚಿನಂಶ ನಮ್ಮ ಬೆಳಗಾವಿಯ ಕಡೆಯಿಂದಲೇ ಘಟ್ಟ ಇಳಿದು ಬಂದದ್ದು. ಸೊಪ್ಪಿಗೆ ಮಾತ್ರ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ತಂದು ಮಾರುವ ಜಾಗಗಳೇ ಲೇಸು. ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಕೆಂಪು ಹರಿವೆ, ಅಂದರೆ ಇಲ್ಲಿಯವರ ತಾಂಬ್ಡಿ ಭಾಜಿ, ಮೂಲಂಗಿ ಸೊಪ್ಪು, ಅಲಸಂದೆ, ಊರಿನ ಬೆಂಡೆ ಎಲ್ಲ ಸಿಗುತ್ತವೆ. ಮಳೆಗಾಲದ ಆರಂಭದಲ್ಲಿ ತಾಯ್ಕಿಳೊ ಎಂದು ಮಾರುತ್ತಾರಲ್ಲ, ಅದು ನಮ್ಮ ಊರಿನ ತಗಟೆ ಸೊಪ್ಪು. ನಾವು ದನ ಮೇಯಿಸುವಾಗ ತುಳಿದು ಹೋಗುತ್ತಿದ್ದದ್ದನ್ನು ಇಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ, ಕೊಳ್ಳುವುದು ಸರಿಯೂ ಹೌದು.

ಹೆಚ್ಚಿನ ಕೋಣೆಗಳಲ್ಲಿ ಫ್ರಿಜ್ ಇಲ್ಲ. ಆದ್ದರಿಂದ ಒಂದೇ ಸಲ ವಾರದ್ದನ್ನು ತರಬೇಡಿ, ಮೂರು ಮೂರು ದಿನಕ್ಕೆ ತನ್ನಿ. ಮೊದಲ ದಿನ ಸೊಪ್ಪು, ಮರುದಿನ ಬೆಂಡೆ, ಹೀರೆ, ಟೊಮೆಟೊ. ಗಜ್ಜರಿ, ಕೋಸು, ಕುಂಬಳ ತಡೆಯುತ್ತವೆ, ಅವು ಕೊನೆಗೆ. ಸೊಪ್ಪಿನ ಬುಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಸಂಜೆಯವರೆಗೆ ಬಾಡುವುದಿಲ್ಲ. ಹಾಲು ಅರ್ಧ ಲೀಟರಿನ ಪೊಟ್ಟಣ ತಂದು, ಕಾಯಿಸಿ, ಚಹಕ್ಕೆ ಬೇಕಾದಷ್ಟು ತೆಗೆದು ಉಳಿದದ್ದಕ್ಕೆ ಹೆಪ್ಪು ಹಾಕಿಬಿಡಿ. ಬೇಳೆ ಕೊಳ್ಳುವಾಗ ಅತಿಯಾಗಿ ಮಿರುಗುವುದನ್ನು ಬಿಟ್ಟು, ಹಿಟ್ಟು ಉದುರದ, ತೂತು ಬೀಳದ ಕಾಳನ್ನು ನೋಡಿ ಕಾಲು ಕಿಲೋ ತೆಗೆದುಕೊಳ್ಳಿ. ಐದು ಕಿಲೋಗೆ ಸ್ವಲ್ಪ ಕಡಿಮೆ ಬೆಲೆ ಎಂದು ಆಸೆಪಟ್ಟರೆ ಇಲ್ಲಿಯ ಮಳೆಗಾಲದಲ್ಲಿ ಉಣ್ಣುವುದು ಹುಳುವೇ.

ಮೀನಿನ ವಿಷಯದಲ್ಲಿ ಗೋವಾ ನಮ್ಮ ಜನರಿಗೆ ದೊಡ್ಡ ಅನುಕೂಲ. ದುಬಾರಿ ಇಸವಣ, ಪಾಪ್ಲೆಟ್ ಬೇಕಾಗಿಲ್ಲ. ಬಂಗಡೆ ಮತ್ತು ತಾರ್ಲಿ ಅಗ್ಗವೂ ಹೌದು, ಹೃದಯಕ್ಕೆ ಹಿತವಾದ ಕೊಬ್ಬು ಅವುಗಳಲ್ಲಿಯೇ ಹೆಚ್ಚು. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ತಿಳಿಯಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಏಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ಬರುವ ಮೀನು ಹೆಚ್ಚಾಗಿ ದೂರದ್ದು. 2018ರ ಜುಲೈ ತಿಂಗಳಲ್ಲಿ ಮಡಗಾಂವಿನ ಸಗಟು ಮಾರುಕಟ್ಟೆಯ ಮೀನಿನಲ್ಲಿ ಫಾರ್ಮಲಿನ್ ಇದೆಯೆಂಬ ಗುಲ್ಲು ಎದ್ದು, ಸರಕಾರ ಕೆಲವು ದಿನ ಹೊರರಾಜ್ಯದ ಮೀನನ್ನೇ ತಡೆದದ್ದು ಹಲವರಿಗೆ ನೆನಪಿರಬಹುದು. ಆ ಎರಡು ತಿಂಗಳು ಮೊಟ್ಟೆ ಮತ್ತು ಕಾಳನ್ನು ನೆಚ್ಚುವುದು ಒಳ್ಳೆಯದು. ಒಣಮೀನನ್ನು ಎರಡು ಮೂರು ಸಲ ನೀರಿನಲ್ಲಿ ತೊಳೆದು, ಆ ಸಾರಿಗೆ ಬೇರೆ ಉಪ್ಪು ಹಾಕದೆ ಬೇಯಿಸಬೇಕು.

ಒಂದು ಪಾತ್ರೆಯ ಅಡುಗೆ

ಗುರುಮಠದಲ್ಲಿ ಗಂಟೆ ಬಾರಿಸಿದರೆ ಊಟ ಸಿದ್ಧವಿರುತ್ತಿತ್ತು. ಕುಕ್ಕರಿನ ಸೀಟಿ ಎಣಿಸಲು ನಾವು ಕಲಿತದ್ದು ಒಬ್ಬರೇ ಇರಬೇಕಾದ ಗುರುನಿವಾಸಕ್ಕೆ ಬಂದ ಮೇಲೆ. ಹಾಗಾಗಿ ಇಲ್ಲಿ ಹೇಳುವುದು ದೊಡ್ಡ ಪಾಕಶಾಸ್ತ್ರವಲ್ಲ. ಎರಡು ಲೀಟರಿನ ಕುಕ್ಕರು, ಒಂದು ಬಾಣಲೆ, ಒಂದು ತವೆ, ಒಂದು ಚಾಕು ಸಾಕು. ಅನಿಲಕ್ಕೆ 5 ಕಿಲೋದ ಸಣ್ಣ ಸಿಲಿಂಡರು ಸಿಗುತ್ತದೆ. ಕಿಟಕಿ ತೆರೆದಿಟ್ಟು ಒಲೆ ಹಚ್ಚಬೇಕು, ಮಲಗುವ ಮುನ್ನ ರೆಗ್ಯುಲೇಟರು ಮುಚ್ಚಬೇಕು.

ದಣಿದು ಬಂದ ರಾತ್ರಿಗೆ ಸೊಪ್ಪು ಬೇಳೆಯ ಅನ್ನದಷ್ಟು ಒದಗುವುದು ಬೇರೊಂದಿಲ್ಲ. ಎರಡು ಹಿಡಿ ಅಕ್ಕಿ, ಒಂದು ಹಿಡಿ ಹೆಸರುಬೇಳೆ ತೊಳೆದಿಡಿ. ಕುಕ್ಕರಿನಲ್ಲಿ ಒಂದು ಚಮಚ ಎಣ್ಣೆಗೆ ಜೀರಿಗೆ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಹಸಿಮೆಣಸಿನಕಾಯಿ ಹಾಕಿ, ಹೆಚ್ಚಿದ ಈರುಳ್ಳಿ ಟೊಮೆಟೊ ಬಾಡಿಸಿ, ಅರಿಸಿನ ಉದುರಿಸಿ, ಅಕ್ಕಿ ಬೇಳೆ ಸೇರಿಸಿ, ಅವುಗಳ ನಾಲ್ಕರಷ್ಟು ನೀರು ಹಾಕಿ. ಮೇಲೆ ಸಣ್ಣಗೆ ಕೊಯ್ದ ಒಂದು ಕಟ್ಟು ಹರಿವೆ ಸೊಪ್ಪು. ಮೂರು ಸೀಟಿ. ಕುಕ್ಕರು ತಣಿಯುವಷ್ಟರಲ್ಲಿ ಮೈತೊಳೆದು ಬಂದರೆ ಊಟ ಸಿದ್ಧ. ಗಾಡಿಯ ಮುಂದೆ ಸರದಿ ನಿಲ್ಲುವ ಹೊತ್ತಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮೊಸರು ಇದ್ದರೆ ಜೊತೆಗೆ, ಇಲ್ಲದಿದ್ದರೆ ಒಂದು ಬೇಯಿಸಿದ ಮೊಟ್ಟೆ.

ಹುರುಳಿಯದು ಒಂದು ಬೇಯಿಕೆಗೆ ಎರಡು ಊಟ. ಕೆಲಸಕ್ಕೆ ಹೋಗುವಾಗ ನೂರು ಗ್ರಾಂ ಹುರುಳಿಯನ್ನು ತೊಳೆದು ನೆನೆಹಾಕಿ ಹೋಗಿ. ರಾತ್ರಿ ಆ ನೀರು ಚೆಲ್ಲಿ, ಹೊಸ ನೀರು ಧಾರಾಳವಾಗಿ ಹಾಕಿ, ಏಳೆಂಟು ಸೀಟಿ ಕೂಗಿಸಿ ಬಸಿಯಿರಿ. ಕಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ, ಖಾರಪುಡಿ, ಹುಳಿಗೆ ಎರಡು ಮುರುಗಲು ಸಿಪ್ಪೆ, ಇಲ್ಲಿಯವರು ಸೊಲಾಂ ಎನ್ನುವುದು, ಹಾಕಿ ಕುದಿಸಿದರೆ ರಾತ್ರಿಯ ಅನ್ನಕ್ಕೆ ಸಾರಾಯಿತು. ಕಾಳನ್ನು ಮತ್ತೊಮ್ಮೆ ಕುದಿಸಿ, ನೀರು ಬಸಿದು, ಮುಚ್ಚಿಟ್ಟು, ಬೆಳಿಗ್ಗೆ ಎದ್ದ ಕೂಡಲೇ ಈರುಳ್ಳಿ ಕಾಯಿತುರಿಯೊಂದಿಗೆ ಪಲ್ಯ ಮಾಡಿ ಬಿಸಿಯಾಗಿ ತಿನ್ನಿ. ಜೊತೆಗೆ ಸೈಕಲ್ಲಿನಲ್ಲಿ ಭೋಂಪು ಊದುತ್ತ ಬರುವ ಪದೇರನಿಂದ ಪಾವಿನ ಬದಲು ಗೋಧಿ ಹೊಟ್ಟು ಬೆರೆತ ಪೊಯಿ ಕೊಳ್ಳಬಹುದು. ಅಲಸಂದೆ, ಮಡಿಕೆಕಾಳಿಗೂ ಇದೇ ಕ್ರಮ, ಸೀಟಿ ಮಾತ್ರ ಕಡಿಮೆ.

ಬಂಗಡೆಗೆ ಕಾಯಿ ಅರೆಯಲೇಬೇಕೆಂದಿಲ್ಲ. ಎರಡು ಮೀನಿಗೆ ಖಾರಪುಡಿ, ಅರಿಸಿನ, ಜಜ್ಜಿದ ಶುಂಠಿ, ಮೂರು ಮುರುಗಲು ಸಿಪ್ಪೆ, ನಾಲ್ಕೈದು ತೆಪ್ಪಳದ ಕಾಯಿ, ಚಿಟಿಕೆ ಉಪ್ಪು, ಮುಳುಗುವಷ್ಟು ನೀರು. ಹತ್ತು ಹನ್ನೆರಡು ನಿಮಿಷ ಕುದಿಸಿದರೆ ಸಾಕು, ಎಣ್ಣೆಯ ಅಗತ್ಯವೇ ಇಲ್ಲ.

ಒಂದು ಎಚ್ಚರಿಕೆ. ಬೆಳಿಗ್ಗೆ ಮಾಡಿದ ಅನ್ನವನ್ನು ಕುಕ್ಕರಿನಲ್ಲೇ ಬಿಟ್ಟು ರಾತ್ರಿ ಉಣ್ಣುವ ಅಭ್ಯಾಸ ಅನೇಕರಲ್ಲಿದೆ. ಕರಾವಳಿಯ ಈ ಸೆಕೆಯಲ್ಲಿ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಸೂಕ್ಷ್ಮಾಣು ವಿಷವನ್ನು ಉಂಟುಮಾಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅದರಿಂದ ವಾಂತಿ ಭೇದಿ ಆಗಬಹುದು. ಫ್ರಿಜ್ ಇಲ್ಲದವರು ಒಂದು ಹೊತ್ತಿಗೆ ಬೇಕಾದಷ್ಟು ಅನ್ನವನ್ನು ಮಾತ್ರ ಮಾಡಬೇಕು.

ಊರಿನಿಂದ ಬರುವ ಗಂಟು

ಈಗ ಊರಿನಲ್ಲಿರುವ ಮನೆಯವರಿಗೂ ಒಂದು ಮಾತು. ಹಬ್ಬಕ್ಕೆ ಹೋದ ಮಗ ಮರಳುವಾಗ ಚಕ್ಕುಲಿ, ಉಂಡೆ, ದೊಡ್ಡ ಭರಣಿ ಉಪ್ಪಿನಕಾಯಿ ಕಟ್ಟಿಕೊಡುತ್ತೀರಿ. ಅದರ ಬದಲು ನಿಮ್ಮ ಹೊಲದ ಹುರುಳಿ, ಹೆಸರು, ಮಡಿಕೆ ಒಂದೊಂದು ಕಿಲೋ, ರಾಗಿ ಹಿಟ್ಟು, ಒಂದು ಕಟ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ ಕಳಿಸಿ. ಕೋಣೆಯಲ್ಲಿ ಒಬ್ಬನೇ ಕೂತು ರೊಟ್ಟಿ ಬಡಿಯುವುದು ಆಗದ ಮಾತು; ಖಡಕ್ ರೊಟ್ಟಿ ವಾರಗಟ್ಟಲೆ ಉಳಿಯುತ್ತದೆ. ದಿನಕ್ಕೆ 35 ಗ್ರಾಂ ಶೇಂಗಾ ಎಳ್ಳು ಎಂದು ಮೇಲೆ ಹೇಳಿದೆವಲ್ಲ, ಅದರ ಬಹುಪಾಲು ಈ ಎರಡು ಪುಡಿಗಳಲ್ಲಿಯೇ ಬಂದುಬಿಡುತ್ತದೆ, ಉಪ್ಪನ್ನು ಮಾತ್ರ ಕೈಹಿಡಿದು ಹಾಕಿ. ಕಾಳುಗಳನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ಒಣಗಿದ ಬೇವಿನೆಲೆಯೊಂದಿಗೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಬೇಕು. ಬಿಸಿ ಇರುವಾಗಲೇ ತುಂಬಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.

ಮಳೆಗಾಲಕ್ಕೆ ಮುನ್ನ ಸಾಮಾನು ಕೂಡಿಡುವ ಪದ್ಧತಿ ಗೋವಾದವರಿಗೂ ಇದೆ. ಅದಕ್ಕೆಂದೇ ಮಡಗಾಂವಿನಲ್ಲಿ ಪವಿತ್ರಾತ್ಮರ ದೇವಾಲಯದ ಹಬ್ಬದ ವೇಳೆಗೆ ಪುರುಮೆಂತಾಚೆಂ ಫೆಸ್ತ್ ಎಂಬ ಜಾತ್ರೆ ನಡೆಯುತ್ತದೆ. ಒಣಮೆಣಸಿನಕಾಯಿ, ಮುರುಗಲು, ಹುಣಸೆ, ಒಣಸಿಗಡಿ ಎಲ್ಲ ಅಲ್ಲಿ ಬರುತ್ತವೆ. ಒಬ್ಬರೇ ಇರುವವರು ಅಲ್ಲಿಂದ ಮುರುಗಲು, ಮೆಣಸಿನಕಾಯಿ ಕಾಲು ಕಾಲು ಕಿಲೋ ತಂದರೆ ವರ್ಷಕ್ಕೆ ಸಾಕು. ಇದಲ್ಲದೆ ಎರಡು ಕಿಲೋ ಅಕ್ಕಿ, ಅರ್ಧ ಕಿಲೋ ಹೆಸರುಬೇಳೆ ಕೋಣೆಯಲ್ಲಿ ಸದಾ ಇರಲಿ. 2020ರ ಮಾರ್ಚ್ ಕೊನೆಯ ವಾರದಲ್ಲಿ ಇಲ್ಲಿ ದಿನಸಿ ಅಂಗಡಿಗಳೂ ಮುಚ್ಚಿ, ಬೆಳಗಾವಿಯ ತರಕಾರಿ ಲಾರಿಗಳು ಬಾರದೆ ಹೋದಾಗ, ಹೋಟೆಲು ಗಾಡಿಗಳನ್ನೇ ನೆಚ್ಚಿದ್ದ ಒಂಟಿ ಕೆಲಸಗಾರರ ಪಾಡು ಏನಾಯಿತೆಂದು ಅನುಭವಿಸಿದವರಿಗೆ ಗೊತ್ತು.

ಇನ್ನು, ಮಕ್ಕಳೆಲ್ಲ ಗೋವಾಕ್ಕೆ ಬಂದ ಮೇಲೆ ಊರಿನ ಮನೆಯಲ್ಲಿ ಒಬ್ಬಳೇ ಉಳಿದ ತಾಯಿಯೂ ಈ ಲೇಖನದ ಓದುಗಳೇ. "ನನಗೊಬ್ಬಾಕಿಗೆ ಏನ ಬೇಕು" ಎಂದು ಅವರು ಬೆಳಿಗ್ಗೆ ಬಡಿದ ಎರಡು ರೊಟ್ಟಿಯನ್ನು ಚಹದಲ್ಲಿ ಅದ್ದಿ ರಾತ್ರಿಯವರೆಗೆ ದೂಡುತ್ತಾರೆ. ಹಾಲಿನ ಎಮ್ಮೆ ಮಾರಿಯಾಗಿದೆ, ಹಲ್ಲು ಹೋಗಿದೆ, ಕಾಳು ಅಗಿಯಲು ಬಾರದು. ಫೋನಿನಲ್ಲಿ "ಉಂಡೀ ಏನವ್ವಾ?" ಎಂದು ಕೇಳಿದರೆ ಉಂಡೆ ಎಂದೇ ಹೇಳುತ್ತಾರೆ. "ಏನ ಉಂಡಿ?" ಎಂದು ಕೇಳಿ. ಅವರಿಗೆ ಜೋಳದ ನುಚ್ಚು ಒಳ್ಳೆಯದು: ಒಂದು ಹಿಡಿ ನುಚ್ಚಿಗೆ ಅರ್ಧ ಹಿಡಿ ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ, ಇಳಿಸುವ ಐದು ನಿಮಿಷ ಮೊದಲು ಸಣ್ಣಗೆ ಹೆಚ್ಚಿದ ರಾಜಗಿರಿ ಸೊಪ್ಪು ಹಾಕಿ, ಬಟ್ಟಲಿಗೆ ಹಾಕಿದ ಮೇಲೆ ಮಜ್ಜಿಗೆ ಬೆರೆಸಬೇಕು. ಮನೆಯಲ್ಲಿ ಕೋಳಿ ಇದ್ದರೆ ಮೊಟ್ಟೆಯನ್ನು ಮಾರದೆ, ದಿನಕ್ಕೊಂದನ್ನು ಆ ನುಚ್ಚಿನ ಜೊತೆ ತಾವೇ ತಿನ್ನಲಿ.